ಗೆರೆಯಾಚೆಗೂ ಕಾಣುವ ಕಿಟಕಿ

ಕ್ಯಾಮೆರಾ ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದರಲ್ಲಿ ಏನೇನಿದೆ?’ ಎಂದು. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಚಿತ್ರ, ಜೂಮ್ ಎಷ್ಟು ದೂರ ಹೋಗುತ್ತದೆ, ಓಡುವ ಮಗುವಿನ ಮುಖವನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆಯೇ ಎಂದು ಲೆಕ್ಕ ಸಾಗುತ್ತದೆ. ಈ ಲೆಕ್ಕದಲ್ಲಿ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಸಿಗುವ ಅಂಕ ತೀರಾ ಕಡಿಮೆ. 2022ರಲ್ಲಿ ಬಂದ ರೇಂಜ್‌ಫೈಂಡರ್ ಲೈಕಾ ಎಂ11ರ ಸಂವೇದಕ 60 ಮೆಗಾಪಿಕ್ಸೆಲ್‌ನದು. ಆದರೂ ಅದರಲ್ಲಿ ಆಟೋಫೋಕಸ್ ಇಲ್ಲ, ವಿಡಿಯೊ ಇಲ್ಲ, ಅದಕ್ಕೆ ಹೊಂದುವ ಮಾಮೂಲಿ ಜೂಮ್ ಲೆನ್ಸ್‌ಗಳೂ ಇಲ್ಲ. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಅದರ ಬೆಲೆ 8,995 ಡಾಲರ್, ಅದೂ ಲೆನ್ಸ್ ಬಿಟ್ಟು. ಅದರ ಹತ್ತನೇ ಒಂದು ಭಾಗದ ಬೆಲೆಗೆ ಸಿಗುವ ಡಿಎಸ್‌ಎಲ್‌ಆರ್ ಇವೆಲ್ಲವನ್ನೂ ಮಾಡುತ್ತದೆ. ಹೀಗಿದ್ದೂ ರೇಂಜ್‌ಫೈಂಡರನ್ನು ಕೈಬಿಡಲೊಲ್ಲದ ಛಾಯಾಗ್ರಾಹಕರು ಪ್ರತಿ ತಲೆಮಾರಿನಲ್ಲೂ ಇದ್ದಾರೆ. ಇದನ್ನು ಹಳೆಯದರ ಮೋಹವೆಂದೋ ಸಿರಿವಂತರ ಶೋಕಿಯೆಂದೋ ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಿದರೆ ಒಂದು ಮುಖ್ಯ ವಿಷಯ ಕಣ್ತಪ್ಪುತ್ತದೆ. ಉಪಕರಣವನ್ನು ಅದು ಮಾಡಿಕೊಡುವ ಕೆಲಸಗಳ ಪಟ್ಟಿಯಿಂದ ಮಾತ್ರ ಅಳೆದರೆ ಸಾಲದು, ಬಳಸುವವರ ಪಾಲಿಗೆ ಅದು ಯಾವ ಕೆಲಸವನ್ನು ಉಳಿಸುತ್ತದೆ ಎಂಬುದನ್ನೂ ನೋಡಬೇಕು. ನೋಡುವ ಕೆಲಸವನ್ನು ಪೂರ್ತಿಯಾಗಿ ಮನುಷ್ಯನಿಗೇ ಬಿಟ್ಟುಕೊಡುವುದು ರೇಂಜ್‌ಫೈಂಡರ್‌ನ ಆಕರ್ಷಣೆ. ಆ ಆಕರ್ಷಣೆಗೆ ಗಟ್ಟಿಯಾದ ಕಾರಣಗಳಿವೆ ಎಂಬುದೇ ಈ ಬರಹದ ವಾದ.

ಮೊದಲು ಯಂತ್ರದ ಒಳಗನ್ನು ತಿಳಿಯಬೇಕು, ಏಕೆಂದರೆ ವ್ಯತ್ಯಾಸವೆಲ್ಲ ಹುಟ್ಟುವುದು ಕಣ್ಣಿಡುವ ಕಿಂಡಿಯಲ್ಲಿ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು, ಮೇಲಿನ ಮಂಜುಗಾಜಿನ ಮೇಲೆ ಬಿಂಬವಾಗಿ ಮೂಡಿ, ಗಾಜಿನ ಪಟ್ಟಕದಲ್ಲಿ ತಿರುಗಿ ಕಣ್ಣಿಗೆ ತಲುಪುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ರೇಂಜ್‌ಫೈಂಡರ್‌ನಲ್ಲಿ ಈ ಕನ್ನಡಿಯೇ ಇಲ್ಲ. ಅದರ ವ್ಯೂಫೈಂಡರ್ ಚಿತ್ರ ತೆಗೆಯುವ ಲೆನ್ಸ್‌ನಿಂದ ಬೇರೆಯಾದ, ಸಾದಾ ಗಾಜಿನ ಕಿಟಕಿ. ಅದರಿಂದ ಕೆಲವು ಸೆಂಟಿಮೀಟರ್ ಆಚೆಗೆ ಇನ್ನೊಂದು ಪುಟ್ಟ ಕಿಂಡಿಯಿದೆ. ಆ ಕಿಂಡಿಯ ಬಿಂಬ ವ್ಯೂಫೈಂಡರ್‌ನ ನಡುವಿನ ಚಿಕ್ಕ ಆಯತದೊಳಗೆ ಬಂದು ಬೀಳುತ್ತದೆ. ಲೆನ್ಸ್‌ನ ಉಂಗುರ ತಿರುಗಿಸಿದಂತೆ ಈ ಎರಡನೆಯ ಬಿಂಬ ಅಡ್ಡಡ್ಡ ಸರಿಯುತ್ತದೆ. ಎರಡು ಬಿಂಬ ಸೇರಿ ಒಂದಾದಾಗ ಫೋಕಸ್ ಕೂಡಿತೆಂದು ಅರ್ಥ. ಇದು ಶಾಲೆಯಲ್ಲಿ ಕಲಿತ ತ್ರಿಕೋನಮಿತಿಯೇ: ಪಾದದ ಉದ್ದ ಮತ್ತು ಕೋನ ಗೊತ್ತಿದ್ದರೆ ದೂರ ಗೊತ್ತಾಗುತ್ತದೆ. ಬಾರ್ ಮತ್ತು ಸ್ಟ್ರೌಡ್ ಎಂಬ ಇಬ್ಬರು ಪ್ರಾಧ್ಯಾಪಕರು 1888ರಲ್ಲಿ ಬ್ರಿಟಿಷ್ ಸೇನೆಗಾಗಿ ದೂರಮಾಪಕ ರೂಪಿಸಲು ಹೊರಟಾಗ ನೆಚ್ಚಿದ್ದೂ ಇದೇ ತತ್ವವನ್ನು. ಲೈಕಾ ಎಂ ಸರಣಿಯಲ್ಲಿ ಎರಡು ಕಿಂಡಿಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್. ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ನಮ್ಮ ಕಣ್ಣುಗಳು ಅಂದಾಜು ಮಾಡುವ ಬಗೆಗೂ ಈ ಯಂತ್ರ ಅಳೆಯುವ ಬಗೆಗೂ ನಡುವೆ ಇರುವುದು ಹತ್ತಿರದ ನೆಂಟಸ್ತಿಕೆ.

ಈ ರಚನೆಯ ಮೊದಲ ಫಲ, ವ್ಯೂಫೈಂಡರ್‌ನಲ್ಲಿ ಕಾಣುವುದು ಏನು ಎಂಬುದರಲ್ಲಿದೆ. ಡಿಎಸ್‌ಎಲ್‌ಆರ್ ತೋರಿಸುವುದು ಚಿತ್ರವನ್ನು. ಅಂಚಿನ ಸುತ್ತ ಕಪ್ಪು, ನಡುವೆ ಲೆನ್ಸ್ ಆಯ್ದ ತುಣುಕು, ಫೋಕಸ್ ಆದ ಮುಖ ಸ್ಪಷ್ಟ, ಹಿನ್ನೆಲೆ ಮಸುಕು. ಲೋಕ ಅಲ್ಲಿ ಆಗಲೇ ಕತ್ತರಿಸಿ, ಹದಮಾಡಿ, ತಟ್ಟೆಗೆ ಬಡಿಸಿದ ಹಾಗಿರುತ್ತದೆ. ರೇಂಜ್‌ಫೈಂಡರ್ ತೋರಿಸುವುದು ಲೋಕವನ್ನೇ. ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸಮ ಸ್ಪಷ್ಟ. ಅದರ ನಡುವೆ ತೇಲುವ ಬಿಳಿಯ ಬೆಳಕುಗೆರೆಗಳು ‘ಚಿತ್ರ ಇಷ್ಟು’ ಎಂದು ಎಲ್ಲೆ ಹಾಕುತ್ತವೆ. 1954ರ ಲೈಕಾ ಎಂ3 ಈ ಗೆರೆಗಳನ್ನು 50, 90 ಮತ್ತು 135 ಮಿಲಿಮೀಟರ್ ಲೆನ್ಸ್‌ಗಳಿಗಾಗಿ ಒಂದೇ ಕಿಟಕಿಯೊಳಗೆ ತಂದಿತು. ಫೋಕಸ್ ಹತ್ತಿರ ಸರಿದಂತೆ ಗೆರೆಗಳೂ ಸರಿದು, ಕಿಟಕಿ ಮತ್ತು ಲೆನ್ಸ್ ಬೇರೆಬೇರೆ ಜಾಗದಲ್ಲಿರುವುದರಿಂದ ಹುಟ್ಟುವ ದೋಷವನ್ನು ತಿದ್ದುವ ಏರ್ಪಾಡನ್ನೂ ಮಾಡಿತು. ಅದರ ಕಿಟಕಿ ತೋರಿಸುವ ಗಾತ್ರ ಬರಿಗಣ್ಣಿಗೆ ಕಾಣುವುದರ ಶೇಕಡಾ 90ಕ್ಕೂ ಮಿಗಿಲು. ಹಾಗಾಗಿ ಎರಡೂ ಕಣ್ಣು ತೆರೆದು ನೋಡಿದರೆ ಬೀದಿಯ ಮೇಲೆಯೇ ಒಂದು ಚೌಕಟ್ಟು ತೂಗುತ್ತಿರುವಂತೆ ಕಾಣುತ್ತದೆ. ಗೆರೆಯ ಆಚೆಯಿಂದ ಸೈಕಲ್ ಬರುತ್ತಿದ್ದರೆ ಅದು ಒಳಗೆ ಬರುವ ಮೊದಲೇ ಕಣ್ಣಿಗೆ ಗೊತ್ತು. ಯಾವುದು ಚಿತ್ರದೊಳಗೆ ಬರಬೇಕು, ಯಾವುದನ್ನು ಹೊರಗೆ ಬಿಡಬೇಕು ಎಂಬ ತೀರ್ಮಾನವನ್ನು, ಬಿಡುವುದನ್ನೂ ಕಣ್ಣೆದುರು ಇಟ್ಟುಕೊಂಡೇ ಮಾಡಬೇಕಾಗುತ್ತದೆ. ಛಾಯಾಗ್ರಹಣವೆಂದರೆ ಆಯ್ಕೆ. ಬಿಟ್ಟದ್ದು ಕಾಣುತ್ತಿರುವಾಗ ಮಾಡಿದ ಆಯ್ಕೆ, ಬಿಟ್ಟದ್ದು ಕಾಣದಿರುವಾಗ ಮಾಡಿದ ಆಯ್ಕೆಗಿಂತ ಹೆಚ್ಚು ಎಚ್ಚರದ್ದು.

ಎರಡನೆಯ ಫಲ ಕ್ಷಣಕ್ಕೆ ಸಂಬಂಧಿಸಿದ್ದು. ಡಿಎಸ್‌ಎಲ್‌ಆರ್‌ನ ಕನ್ನಡಿ ಮೇಲೆದ್ದಾಗ ವ್ಯೂಫೈಂಡರ್ ಕತ್ತಲಾಗುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಈ ಕತ್ತಲು ಸೆಕೆಂಡಿನ ಸಣ್ಣದೊಂದು ಅಂಶ ಮಾತ್ರ. ಆದರೆ ಆ ಅಂಶ ಯಾವುದು ಎಂದು ಯೋಚಿಸಬೇಕು: ಚಿತ್ರ ದಾಖಲಾಗುವ ಕ್ಷಣವೇ ಅದು. ಕನ್ನಡಿಯ ಕ್ಯಾಮೆರಾ ಹಿಡಿದವರು ಮುಂಚಿನದನ್ನು ನೋಡುತ್ತಾರೆ, ನಂತರದ್ದನ್ನು ನೋಡುತ್ತಾರೆ. ತಾವು ಹಿಡಿದ ಕ್ಷಣವೊಂದನ್ನೇ ನೋಡಿರುವುದಿಲ್ಲ. ಅದಕ್ಕೇ ಹಿಂಬದಿಯ ಪರದೆಯತ್ತ ಕಣ್ಣು ಓಡುತ್ತದೆ. ಪರದೆ ನೋಡುವ ಹೊತ್ತಿಗೆ ಮುಂದಿನ ಕ್ಷಣವೂ ದಾಟಿಹೋಗಿರುತ್ತದೆ. ರೇಂಜ್‌ಫೈಂಡರ್‌ನ ಕಿಟಕಿ ಎಂದೂ ಮುಚ್ಚುವುದಿಲ್ಲ. ಎದುರಿದ್ದವರು ರೆಪ್ಪೆ ಬಡಿದರೋ ಇಲ್ಲವೋ, ಎತ್ತಿದ ಕೈ ಸರಿಯಾದ ಜಾಗಕ್ಕೆ ಬಂದಿತ್ತೋ ಇಲ್ಲವೋ ಎಂಬುದು ಷಟರ್ ಸದ್ದಾಗುವಾಗಲೇ ಕಣ್ಣಿಗೆ ತಿಳಿದಿರುತ್ತದೆ. ಕನ್ನಡಿಯ ಹೊಡೆತವಿಲ್ಲದ್ದರಿಂದ ಸದ್ದೂ ಕಡಿಮೆ, ನಡುಕವೂ ಕಡಿಮೆ. ಮಂದ ಬೆಳಕಿನಲ್ಲಿ ಕೈಯಲ್ಲೇ ಹಿಡಿದು ನಿಧಾನ ವೇಗದಲ್ಲಿ ಚಿತ್ರ ತೆಗೆಯುವವರಿಗೆ ಇದು ದೊಡ್ಡ ಅನುಕೂಲ.

ಮೂರನೆಯದು ಕೈಯ ಅರಿವು. ರೇಂಜ್‌ಫೈಂಡರ್‌ನ ಲೆನ್ಸ್ ಮೇಲೆ ದೂರದ ಅಂಕಿಗಳೂ, ಯಾವ ಅಪರ್ಚರ್‌ಗೆ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿರುತ್ತದೆ ಎಂಬ ಗುರುತುಗಳೂ ಕೆತ್ತಿರುತ್ತವೆ. 35 ಮಿಲಿಮೀಟರ್ ಲೆನ್ಸನ್ನು ಎಫ್8ಕ್ಕೆ ಇಟ್ಟು ಮೂರು ಮೀಟರ್‌ಗೆ ಫೋಕಸ್ ಮಾಡಿದರೆ, ರೂಢಿಯ ಲೆಕ್ಕದ ಪ್ರಕಾರ ಸುಮಾರು 1.9 ಮೀಟರ್‌ನಿಂದ 7.3 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಐದು ಮೀಟರ್‌ಗೆ ಇಟ್ಟರೆ ಎರಡೂವರೆ ಮೀಟರ್‌ನಿಂದ ಹೆಚ್ಚುಕಡಿಮೆ ದಿಗಂತದವರೆಗೆ. ಇದನ್ನು ಒಮ್ಮೆ ಹೊಂದಿಸಿಟ್ಟುಕೊಂಡವರು ಬೀದಿಯಲ್ಲಿ ಮತ್ತೆ ಫೋಕಸ್ ಮಾಡಬೇಕಾಗಿಯೇ ಇಲ್ಲ, ಜಗತ್ತಿನ ಯಾವ ಆಟೋಫೋಕಸ್ ಕೂಡ ಅದಕ್ಕಿಂತ ಬೇಗ ಕೆಲಸ ಮಾಡಲಾರದು. ಅನೇಕ ಲೆನ್ಸ್‌ಗಳಲ್ಲಿ ಬೆರಳಿಗೆ ಸಿಗುವ ಚಿಕ್ಕ ಹಿಡಿಯೊಂದಿರುತ್ತದೆ. ಅದು ಕೆಳಗೆ ಬಂದರೆ ಇಷ್ಟು ದೂರ, ಪಕ್ಕಕ್ಕೆ ಹೋದರೆ ಅಷ್ಟು ದೂರ ಎಂದು ಬೆರಳು ಕಲಿಯುತ್ತದೆ. ವೀಣೆ ನುಡಿಸುವವರ ಬೆರಳಿಗೆ ಮೆಟ್ಟಿಲುಗಳ ಜಾಗ ತಿಳಿದಿರುವ ಹಾಗೆ, ಕಣ್ಣಿನ ನೆರವಿಲ್ಲದೆಯೇ ಕೈಗೆ ದೂರ ತಿಳಿಯತೊಡಗುತ್ತದೆ. ಆಟೋಫೋಕಸ್ ಈ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡಾಗ ಶ್ರಮ ಉಳಿಯುವುದು ನಿಜ, ಆದರೆ ದೂರದ ಅರಿವು ಬಳಸುವವರಲ್ಲಿ ಬೆಳೆಯುವುದೇ ಇಲ್ಲ.

ಇವು ಕಾಗದದ ಮೇಲಿನ ಗುಣಗಳಷ್ಟೇ ಆಗಿ ಉಳಿಯಲಿಲ್ಲ ಎಂಬುದಕ್ಕೆ ಚರಿತ್ರೆಯ ಸಾಕ್ಷಿಯಿದೆ. ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಬಳಸಿ 24×36 ಮಿಲಿಮೀಟರ್ ಚಿತ್ರ ಮೂಡಿಸುವ ಪುಟ್ಟ ಕ್ಯಾಮೆರಾ ರೂಪಿಸಿದರು. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯವಾಯಿತು. ಲೆನ್ಸ್‌ಗೆ ಜೋಡಿಸಿದ ರೇಂಜ್‌ಫೈಂಡರ್ ಅದಕ್ಕೆ ಸೇರಿದ್ದು 1932ರಲ್ಲಿ. ಅದೇ ವರ್ಷ ಪ್ರತಿಸ್ಪರ್ಧಿ ಕಾಂಟ್ಯಾಕ್ಸ್ ಕೂಡ ಬಂತು. ಆ ಹೊತ್ತಿಗೆ ಲೈಕಾ ಹಿಡಿದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೊನ್ ಅದನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. ಕ್ಯಾಮೆರಾದ ಲೋಹದ ಹೊಳಪು ಜನರ ಗಮನ ಸೆಳೆಯದಿರಲೆಂದು ಅದರ ಮೇಲೆ ಕಪ್ಪು ಟೇಪ್ ಅಂಟಿಸುತ್ತಿದ್ದರು. ನಮ್ಮ ದೇಶದ ನೆನಪಿನೊಳಗೂ ಆ ಕ್ಯಾಮೆರಾದ ಕೆಲಸ ಸೇರಿಹೋಗಿದೆ. 1948ರ ಜನವರಿ 30ರಂದು ಗಾಂಧೀಜಿಯವರನ್ನು ಹತ್ಯೆಗೆ ಕೆಲವೇ ಹೊತ್ತಿನ ಮುಂಚೆ ಕಂಡಿದ್ದ ಕಾರ್ತಿಯೆ-ಬ್ರೆಸೊನ್, ಅಂದಿನ ರಾತ್ರಿಯನ್ನೂ ಮುಂದಿನ ಅಂತ್ಯಯಾತ್ರೆಯನ್ನೂ ಚಿತ್ರಿಸಿದರು. ಬಿರ್ಲಾ ಭವನದ ಗೇಟಿನ ಬಳಿ ನಿಂತು ಜವಾಹರಲಾಲ್ ನೆಹರೂ ಸಾವಿನ ಸುದ್ದಿ ಹೇಳುತ್ತಿರುವ ಚಿತ್ರ ಮಸುಕಾಗಿದೆ, ನಡುಗಿದಂತಿದೆ. ಇಂದಿನ ಅಳತೆಗೋಲಿನಲ್ಲಿ ಅದು ‘ತಾಂತ್ರಿಕವಾಗಿ ಕೆಟ್ಟ’ ಚಿತ್ರ. ಆದರೆ ಒಂದು ದೇಶ ದಿಕ್ಕೆಟ್ಟ ರಾತ್ರಿಯನ್ನು ಅದಕ್ಕಿಂತ ನಿಜವಾಗಿ ಹಿಡಿದ ಚಿತ್ರ ಸಿಗುವುದು ಕಷ್ಟ. ಅಂಥ ಹೊತ್ತಿನಲ್ಲಿ ಬೇಕಾಗಿದ್ದದ್ದು ಗುಂಪಿನ ನಡುವೆ ಗಮನಕ್ಕೆ ಬಾರದೆ ನಿಲ್ಲಬಲ್ಲ ಚಿಕ್ಕ ಯಂತ್ರ, ಅದರ ಹಿಂದೆ ಎಚ್ಚರವಾಗಿದ್ದ ಕಣ್ಣು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಚರಿತ್ರೆಯದ್ದೇ: ರೇಂಜ್‌ಫೈಂಡರ್ ಅಷ್ಟು ಒಳ್ಳೆಯದಾಗಿದ್ದರೆ ಸೋತದ್ದೇಕೆ? ಕನ್ನಡಿಯ ಕ್ಯಾಮೆರಾಗಳ ಸಾಲಿನಲ್ಲಿ 1949ರ ಕಾಂಟ್ಯಾಕ್ಸ್ ಎಸ್ ಪಟ್ಟಕವನ್ನು ತಂದು ಕಣ್ಣೆತ್ತರದಲ್ಲೇ ನೋಡುವಂತೆ ಮಾಡಿತು. 1954ರ ಅಸಾಹಿಫ್ಲೆಕ್ಸ್, ಎದ್ದ ಕನ್ನಡಿ ತಕ್ಷಣ ಮರಳುವ ವ್ಯವಸ್ಥೆ ತಂದಿತು. 1959ರಲ್ಲಿ ನಿಕಾನ್ ಸಂಸ್ಥೆ ತನ್ನದೇ ರೇಂಜ್‌ಫೈಂಡರ್ ಆದ ಎಸ್‌ಪಿಯ ಮೈಕಟ್ಟನ್ನು ಆಧರಿಸಿ, ಅದಕ್ಕೆ ಕನ್ನಡಿಪೆಟ್ಟಿಗೆ ಸೇರಿಸಿ ನಿಕಾನ್ ಎಫ್ ತಯಾರಿಸಿತು. ಮುಂದಿನ ಹತ್ತು ವರ್ಷಗಳಲ್ಲಿ ಪತ್ರಿಕಾ ಛಾಯಾಗ್ರಹಣ ಬಹುಮಟ್ಟಿಗೆ ಅದರ ಕೈಗೆ ಹೋಯಿತು. ಈ ಗೆಲುವು ನ್ಯಾಯವಾದದ್ದೆಂದು ಒಪ್ಪಬೇಕು. ದೂರದ್ದನ್ನು ಹತ್ತಿರ ತರುವ ಕೆಲಸಕ್ಕೆ ರೇಂಜ್‌ಫೈಂಡರ್ ಒದಗುವುದಿಲ್ಲ. ಅದರ ಎರಡು ಕಿಂಡಿಗಳ ನಡುವಿನ ಅಂತರ ಬದಲಾಗದ್ದರಿಂದ ಅದರ ನಿಖರತೆಯೂ ಬದಲಾಗುವುದಿಲ್ಲ. ಕನ್ನಡಿಯ ಕ್ಯಾಮೆರಾದಲ್ಲಾದರೋ ಲೆನ್ಸ್ ಉದ್ದವಾದಷ್ಟೂ ಬಿಂಬ ಹಿಗ್ಗಿ, ಫೋಕಸ್ ತಿಳಿಯುವುದು ಸುಲಭವಾಗುತ್ತದೆ. ಲೈಕಾ ಎಂ ಗೆರೆಗಳು 135 ಮಿಲಿಮೀಟರ್‌ಗೇ ನಿಲ್ಲಲು ಇದೇ ಕಾರಣ. ರಂಗನತಿಟ್ಟಿನ ಕೊಕ್ಕರೆಯ ಗೂಡು, ಕಬಿನಿಯ ಮರದ ಮೇಲಿನ ಚಿರತೆ, ದಾಸವಾಳದೊಳಗಿನ ಇರುವೆ, ಕ್ರೀಡಾಂಗಣದ ಆ ತುದಿಯ ಬ್ಯಾಟ್ಸ್‌ಮನ್ ಇವೆಲ್ಲ ಕನ್ನಡಿಯ ಕ್ಯಾಮೆರಾದ ಸಾಮ್ರಾಜ್ಯ. ಕನ್ನಡನಾಡಿನ ಹಕ್ಕಿಗಳನ್ನು ಚಿತ್ರಿಸಿ ಓದುಗರಿಗೆ ಪರಿಚಯಿಸಿದ ಪೂರ್ಣಚಂದ್ರ ತೇಜಸ್ವಿಯವರಂಥವರ ಹವ್ಯಾಸಕ್ಕೆ ರೇಂಜ್‌ಫೈಂಡರ್ ಸಲಹೆ ಮಾಡುವುದು ಮೂರ್ಖತನವಾದೀತು.

ಆದರೆ ಈ ಒಪ್ಪಿಗೆಯಲ್ಲೇ ಉತ್ತರವೂ ಅಡಗಿದೆ. ಉದ್ದ ಲೆನ್ಸ್‌ಗೆ ಅನ್ವಯಿಸುವ ನಿಯಮ ಅಗಲದ ಲೆನ್ಸ್‌ಗೆ ತಿರುಗುಮುರುಗಾಗುತ್ತದೆ. ಅಗಲ ಲೆನ್ಸ್‌ನಲ್ಲಿ ಕನ್ನಡಿಯ ಕ್ಯಾಮೆರಾದ ಬಿಂಬ ಕುಗ್ಗಿ, ಫೋಕಸ್ ಕಣ್ಣಿಗೆ ಸಿಗದಂತಾಗುತ್ತದೆ. ರೇಂಜ್‌ಫೈಂಡರ್‌ನ ನಿಖರತೆ ಮಾತ್ರ ಹಾಗೆಯೇ ಇರುತ್ತದೆ. ಇನ್ನೊಂದು ಕಾರಣವೂ ಉಂಟು. ಕನ್ನಡಿ ಏಳಲು ಜಾಗ ಬೇಕಾದ್ದರಿಂದ ನಿಕಾನ್ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗ ಫಿಲ್ಮ್‌ನಿಂದ 46.5 ಮಿಲಿಮೀಟರ್ ದೂರ, ಕ್ಯಾನನ್ ಇಎಫ್‌ನಲ್ಲಿ 44. ಲೈಕಾ ಎಂನಲ್ಲಿ ಅದು 27.8 ಮಾತ್ರ. ಲೆನ್ಸ್ ಕನ್ನಡಿಗೆ ತಗುಲದಂತೆ ಮಾಡುವ ಸಲುವಾಗಿಯೇ 1950ರ ವೇಳೆಗೆ ಆಂಜೆನಿಯೊ ಸಂಸ್ಥೆ ರೆಟ್ರೋಫೋಕಸ್ ಎಂಬ ಹೊಸ ಲೆನ್ಸ್ ವಿನ್ಯಾಸ ತರಬೇಕಾಯಿತು. ನಿಕಾನ್ ತನ್ನ ಎಫ್‌ಗೆ ಮೊದಲು ಕೊಟ್ಟ 21 ಮಿಲಿಮೀಟರ್ ಲೆನ್ಸ್ ಎಷ್ಟು ಒಳಗೆ ಚಾಚುತ್ತಿತ್ತೆಂದರೆ, ಕನ್ನಡಿಯನ್ನು ಮೇಲೆತ್ತಿ ಕಟ್ಟಿಹಾಕಿ, ಬೇರೆ ವ್ಯೂಫೈಂಡರ್ ಸಿಕ್ಕಿಸಿ ನೋಡಬೇಕಿತ್ತು. ಅಂದರೆ ಅಗಲದ ಕೆಲಸಕ್ಕೆ ಬಂದಾಗ ಕನ್ನಡಿಯ ಕ್ಯಾಮೆರಾ ತನ್ನ ಕನ್ನಡಿಯನ್ನೇ ಬದಿಗಿಡಬೇಕಾಯಿತು. ಡಿಜಿಟಲ್ ಸಂವೇದಕಗಳು ಓರೆಯಾಗಿ ಬೀಳುವ ಬೆಳಕನ್ನು ಫಿಲ್ಮಿನಷ್ಟು ಸಲೀಸಾಗಿ ಸ್ವೀಕರಿಸದ ಕಾರಣ ಈ ಲಾಭ ಇಂದು ಸ್ವಲ್ಪ ಕುಗ್ಗಿದೆ ಎಂಬುದನ್ನೂ ಹೇಳಬೇಕು. ಆದರೂ ಲೆನ್ಸ್‌ಗಳ ಗಾತ್ರದಲ್ಲಿ ಅಂತರ ಇನ್ನೂ ಎದ್ದು ಕಾಣುತ್ತದೆ. ಒಟ್ಟಿನಲ್ಲಿ ತೀರ್ಪು ಹೀಗೆ ಹಂಚಿಹೋಗುತ್ತದೆ: ದೂರದಿಂದ ನೋಡುವ ಕೆಲಸಕ್ಕೆ ಕನ್ನಡಿ, ಜನರ ನಡುವೆ ನಿಂತು ನೋಡುವ ಕೆಲಸಕ್ಕೆ ಕಿಟಕಿ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಚಿತ್ರವನ್ನು ನೋಡಿ ಅದನ್ನು ಯಾವ ಕ್ಯಾಮೆರಾದಲ್ಲಿ ತೆಗೆದರೆಂದು ಹೇಳಲು ಸಾಧ್ಯವೇ? ಸಾಧ್ಯವಿಲ್ಲ. 1968ರಲ್ಲಿ ಸೋವಿಯತ್ ನೇತೃತ್ವದ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದಾಗ ಛಾಯಾಗ್ರಾಹಕ ಯೋಸೆಫ್ ಕೌಡೆಲ್ಕಾ ತೆಗೆದ ಚಿತ್ರಗಳು ಆ ಶತಮಾನದ ಶ್ರೇಷ್ಠ ಬೀದಿಚಿತ್ರಗಳ ಸಾಲಿಗೆ ಸೇರುತ್ತವೆ. ಅವರ ಕೈಯಲ್ಲಿದ್ದದ್ದು ಎಕ್ಸಾಕ್ಟಾ, ಅಂದರೆ ಕನ್ನಡಿಯ ಕ್ಯಾಮೆರಾ. 1970ರಲ್ಲಿ ಕಾಂಬೋಡಿಯಾದಲ್ಲಿ ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರತ್ತ ಬಂದ ಗುಂಡನ್ನು ತಡೆದದ್ದು ಅವರ ನಿಕಾನ್ ಎಫ್. ಹಾಗಾದರೆ ರೇಂಜ್‌ಫೈಂಡರ್ ಇಲ್ಲದೆಯೂ ಜನರ ನಡುವೆ ನಿಂತು ದೊಡ್ಡ ಕೆಲಸ ಮಾಡಬಹುದು ಎಂದಾಯಿತು. ಇದು ಪೂರ್ತಿ ನಿಜ, ನನ್ನ ವಾದ ಇದನ್ನು ಅಲ್ಲಗಳೆಯುವುದೂ ಇಲ್ಲ. ರೇಂಜ್‌ಫೈಂಡರ್ ಒಳ್ಳೆಯ ಚಿತ್ರದ ಖಾತರಿ ಕೊಡುವುದಿಲ್ಲ. ಮಹಾನ್ ಛಾಯಾಗ್ರಾಹಕರು ಯಾವ ಯಂತ್ರವನ್ನಾದರೂ ತಮ್ಮ ಕಣ್ಣಿಗೆ ಒಗ್ಗಿಸಿಕೊಳ್ಳುತ್ತಾರೆ. ಉಪಕರಣದ ಗುಣ ಮುಖ್ಯವಾಗುವುದು ಇನ್ನೂ ಕಲಿಯುತ್ತಿರುವ ಉಳಿದ ನಮಗೆಲ್ಲ. ಯಾವ ಯಂತ್ರ ಯಾವ ಅಭ್ಯಾಸವನ್ನು ಬೆಳೆಸುತ್ತದೆ, ಯಾವ ಅಭ್ಯಾಸವನ್ನು ಒಣಗಿಸುತ್ತದೆ ಎಂದು ಕೇಳುವಾಗ ಕೌಡೆಲ್ಕಾ ಉದಾಹರಣೆ ಉತ್ತರವಾಗುವುದಿಲ್ಲ. ಪುಸ್ತಕವಿಲ್ಲದೆ ಪಂಡಿತರಾದವರಿದ್ದಾರೆ ಎಂಬ ಮಾತಿನಿಂದ ಗ್ರಂಥಾಲಯ ಬೇಡವೆಂದು ಸಿದ್ಧವಾಗುವುದಿಲ್ಲವಲ್ಲ.

ಇದಕ್ಕೆ ಅಂಟಿಕೊಂಡೇ ಮೂರನೆಯ ಆಕ್ಷೇಪ ಬರುತ್ತದೆ: ಅಭ್ಯಾಸವೇ ಮುಖ್ಯವಾದರೆ ಡಿಎಸ್‌ಎಲ್‌ಆರನ್ನೇ ಮ್ಯಾನ್ಯುವಲ್‌ಗೆ ತಿರುಗಿಸಿ, ಒಂದೇ ಲೆನ್ಸ್ ಹಾಕಿ, ಪರದೆಯ ಮೇಲೆ ಕಾಗದ ಅಂಟಿಸಿಕೊಂಡರಾಯಿತಲ್ಲ? ಆ ದಾರಿ ಹಿಡಿದವರ ಬಗ್ಗೆ ಗೌರವವಿದೆ. ಆದರೆ ಇಲ್ಲಿ ಎರಡು ಅಡ್ಡಿಗಳಿವೆ. ಒಂದು, ರಚನೆಯದ್ದು. ಕನ್ನಡಿಯ ಕ್ಯಾಮೆರಾವನ್ನು ಹೇಗೆ ಹೊಂದಿಸಿದರೂ ಅದು ಚೌಕಟ್ಟಿನ ಆಚೆಯದ್ದನ್ನು ತೋರಿಸಲಾರದು, ಚಿತ್ರ ದಾಖಲಾಗುವ ಕ್ಷಣ ಕಣ್ಣು ತೆರೆದಿರಲಾರದು. ಮೇಲಾಗಿ ಇಂದಿನ ಡಿಎಸ್‌ಎಲ್‌ಆರ್‌ಗಳ ಮಂಜುಗಾಜನ್ನು ರೂಪಿಸಿರುವುದು ಜೂಮ್ ಲೆನ್ಸ್ ಹಾಕಿದಾಗಲೂ ನೋಟ ಬೆಳಕಾಗಿ ಕಾಣಲಿ ಎಂದು, ಕೈಯಿಂದ ಫೋಕಸ್ ಮಾಡಲಿ ಎಂದಲ್ಲ. ಎಫ್1.4ರ ಲೆನ್ಸ್ ಹಾಕಿದರೂ ಅದರ ನಿಜವಾದ ಮಸುಕು ಆ ಗಾಜಿನ ಮೇಲೆ ಕಾಣುವುದಿಲ್ಲ. ಹಾಗಾಗಿ ಅಲ್ಲಿ ಕೈಯಿಂದ ಫೋಕಸ್ ಮಾಡುವುದೆಂದರೆ ಯಂತ್ರದ ವಿರುದ್ಧ ಈಜಿದಂತೆ. ಎರಡನೆಯ ಅಡ್ಡಿ ಮನಸ್ಸಿನದು. ಎಲ್ಲ ಸವಲತ್ತೂ ಕೈಯಳತೆಯಲ್ಲಿರುವಾಗ ಬಳಸದಿರಲು ಪ್ರತಿ ಸಲವೂ ಹಟ ಬೇಕು. ಆ ಹಟಕ್ಕೆ ಖರ್ಚಾಗುವ ಗಮನ ಎದುರಿನ ದೃಶ್ಯಕ್ಕೆ ಸಲ್ಲಬೇಕಾದದ್ದು. ಸವಲತ್ತು ಇಲ್ಲವೆಂದಾದಾಗ ಆ ಪ್ರಶ್ನೆಯೇ ಏಳುವುದಿಲ್ಲ, ಮನಸ್ಸು ಹಗುರವಾಗುತ್ತದೆ. ಡಿಜಿಟಲ್ ರೇಂಜ್‌ಫೈಂಡರ್‌ಗಳಲ್ಲಿ ಮೊದಲನೆಯದಾದ 2004ರ ಎಪ್ಸನ್ ಆರ್‌-ಡಿ1ರಲ್ಲಿ ಷಟರನ್ನು ಅಣಿಗೊಳಿಸಲು ಫಿಲ್ಮ್ ಕಾಲದ ಸನ್ನೆ ಎಳೆಯಬೇಕಿತ್ತು, ಹಿಂಬದಿಯ ಪರದೆಯನ್ನು ಒಳಮುಖವಾಗಿ ಮಡಚಿಡಬಹುದಿತ್ತು. 2016ರ ಲೈಕಾ ಎಂ-ಡಿಯಲ್ಲಿ ಪರದೆಯನ್ನೇ ತೆಗೆದುಹಾಕಿದರು. ತೆಗೆದ ಚಿತ್ರವನ್ನು ಕೂಡಲೇ ನೋಡಲಾಗದ ಡಿಜಿಟಲ್ ಕ್ಯಾಮೆರಾವನ್ನು ಜನ ಬೇಕೆಂದು ಕೊಂಡರು. ಗಮನ ಚದುರಿಸುವುದನ್ನು ಕಳೆದುಕೊಳ್ಳುವುದಕ್ಕೂ ಬೆಲೆಯಿದೆ ಎಂದು ಅವರಿಗೆ ತಿಳಿದಿತ್ತು.

ಬೆಲೆಯ ಮಾತು ಬಂದಾಗ ನಾಲ್ಕನೆಯ ಆಕ್ಷೇಪಕ್ಕೆ ತಲೆಬಾಗಲೇಬೇಕು. ಸಾಮಾನ್ಯ ಸಂಬಳದವರ ವರ್ಷಗಳ ಉಳಿತಾಯವನ್ನು ನುಂಗುವ ಯಂತ್ರವನ್ನು ಸರಳತೆಯ ಹೆಸರಿನಲ್ಲಿ ಹೊಗಳುವುದು ಸರಿಯೇ? ಇಂದಿನ ಲೈಕಾ ಬೆಲೆಯನ್ನು ನಾನು ಸಮರ್ಥಿಸುವುದಿಲ್ಲ. ಕಪಾಟಿನಲ್ಲಿ ಪ್ರತಿಷ್ಠೆಗಾಗಿ ಇಟ್ಟ ಕ್ಯಾಮೆರಾದಿಂದ ಛಾಯಾಗ್ರಹಣಕ್ಕೆ ಯಾವ ಉಪಕಾರವೂ ಆಗಿಲ್ಲ. ಆದರೆ ರೇಂಜ್‌ಫೈಂಡರ್ ಹುಟ್ಟಾ ಸಿರಿವಂತರ ವಸ್ತುವಲ್ಲ. ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ 1930ರ ದಶಕದಲ್ಲಿ ಅನಾಥ ಬಾಲಕರ ಕೇಂದ್ರವೊಂದರಲ್ಲಿ ಲೈಕಾ ಮಾದರಿಯ ಫೆಡ್ ಕ್ಯಾಮೆರಾ ತಯಾರಾಯಿತು. ಮುಂದೆ ಜೋರ್ಕಿ ಬಂತು. ಇವೆರಡೂ ಅಗ್ಗದ ಬೆಲೆಗೆ ಲಕ್ಷಗಟ್ಟಲೆ ಜನರ ಕೈಸೇರಿದವು. ಜಪಾನಿನ ಕ್ಯಾನೊನೆಟ್, 1966ರ ಯಾಶಿಕಾ ಎಲೆಕ್ಟ್ರೋ 35, ಮಿನೋಲ್ಟಾ ಹೈ-ಮ್ಯಾಟಿಕ್ ಇವೆಲ್ಲ ಮನೆಮಂದಿ ಪ್ರವಾಸಕ್ಕೆ, ಹಬ್ಬಕ್ಕೆ ಒಯ್ಯುತ್ತಿದ್ದ ಕುಟುಂಬದ ಕ್ಯಾಮೆರಾಗಳು. ಎರಡು ಬಿಂಬ ಕೂಡಿಸುವ ವಿದ್ಯೆ ಆಗ ಗೃಹಿಣಿಯರಿಗೂ ಕಾಲೇಜು ಹುಡುಗರಿಗೂ ಸಹಜವಾಗಿ ಬರುತ್ತಿತ್ತು. ಇಂದು ಹೊಸ ರೇಂಜ್‌ಫೈಂಡರ್ ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ ಉಳಿದದ್ದರಿಂದ ಬೆಲೆ ಆಕಾಶಕ್ಕೇರಿದೆ. ಬೆಲೆ ಏರಿದ್ದು ಮಾರುಕಟ್ಟೆಯ ಕಥೆ, ಅದನ್ನು ನೋಟದ ಕ್ರಮದ ಮೇಲೆ ಹೊರಿಸಬಾರದು. ಹಳೆಯ ಫೆಡ್ ಒಂದರ ಕಿಟಕಿಗೆ ಕಣ್ಣಿಟ್ಟರೂ ಕಾಣುವುದು ಅದೇ ಲೋಕ.

ಕೊನೆಯ ಆಕ್ಷೇಪ ಕಾಲದ್ದು. ಕನ್ನಡಿಯೋ ಕಿಟಕಿಯೋ ಎಂಬ ಜಗಳವೇ ಈಗ ಮುಗಿದಿದೆ ಎನ್ನುವವರಿದ್ದಾರೆ. ಕ್ಯಾನನ್ ಮತ್ತು ನಿಕಾನ್‌ಗಳ ಕೊನೆಯ ಮೇಲ್ದರ್ಜೆಯ ಡಿಎಸ್‌ಎಲ್‌ಆರ್‌ಗಳಾದ 1ಡಿಎಕ್ಸ್ ಮಾರ್ಕ್ 3 ಮತ್ತು ಡಿ6 ಬಂದದ್ದು 2020ರ ಸುಮಾರಿಗೆ. ಆಮೇಲೆ ಮಿರರ್‌ಲೆಸ್ ಯುಗ. ಅಲ್ಲಿ ಕನ್ನಡಿಯಿಲ್ಲ, ಕನ್ನಡಿ ಏಳುವಾಗಿನ ಕತ್ತಲೂ ಇಲ್ಲ. ಕಣ್ಣಿನ ಮುಂದೆ ಪುಟ್ಟ ಎಲೆಕ್ಟ್ರಾನಿಕ್ ಪರದೆ. 2025ರಲ್ಲಿ ಲೈಕಾ ಕೂಡ ತನ್ನ ಎಂ ಸರಣಿಯಲ್ಲಿ ರೇಂಜ್‌ಫೈಂಡರ್ ತೆಗೆದು ಅಂಥ ಪರದೆ ಇಟ್ಟ ಎಂ ಇವಿ1 ಎಂಬ ಮಾದರಿಯನ್ನು ಹೊರತಂದಿತು. ಹಾಗಾದರೆ ನಮ್ಮ ಚರ್ಚೆಗೆ ಅರ್ಥವಿದೆಯೇ? ಮಿರರ್‌ಲೆಸ್ ಬಂದ ಮೇಲೆ ಇದರ ಅರ್ಥ ಹೆಚ್ಚಾಗಿದೆ ಎಂದೇ ನನಗೆ ತೋರುತ್ತದೆ. ಡಿಎಸ್‌ಎಲ್‌ಆರ್ ಬೆಳಕನ್ನಾದರೂ ಬೆಳಕಾಗಿಯೇ ಕಣ್ಣಿಗೆ ತಲುಪಿಸುತ್ತಿತ್ತು. ಎಲೆಕ್ಟ್ರಾನಿಕ್ ವ್ಯೂಫೈಂಡರ್ ತೋರಿಸುವುದು ಸಂವೇದಕ ಓದಿ, ಪ್ರೊಸೆಸರ್ ಬಣ್ಣ ತುಂಬಿ, ನೆರಳನ್ನು ಎತ್ತಿ ಕಟ್ಟಿಕೊಟ್ಟ ಬಿಂಬವನ್ನು. ಚಿತ್ರ ಹೇಗೆ ಬರುತ್ತದೆ ಎಂದು ಮೊದಲೇ ತಿಳಿಯುವುದು ದೊಡ್ಡ ಅನುಕೂಲವೇ ಸರಿ. ಆದರೆ ಆ ಅನುಕೂಲದೊಂದಿಗೆ ಒಂದು ಸೂಕ್ಷ್ಮ ಪಲ್ಲಟವೂ ಆಗುತ್ತದೆ. ನಾವು ಎದುರಿನ ಮನುಷ್ಯನನ್ನು ನೋಡುವುದನ್ನು ಬಿಟ್ಟು, ಅವನ ಬಗ್ಗೆ ಯಂತ್ರ ಸಿದ್ಧಪಡಿಸಿದ ಆವೃತ್ತಿಯನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸತೊಡಗುತ್ತೇವೆ. ನೋಡುವವರಾಗಿದ್ದವರು ಪರಿಶೀಲಿಸುವವರಾಗುತ್ತೇವೆ. ದಿನದ ಬಹುಪಾಲನ್ನು ಪರದೆಗಳ ಮುಂದೆಯೇ ಕಳೆಯುವ ಈ ಕಾಲದಲ್ಲಿ, ಬೀದಿಯನ್ನೂ ಪರದೆಯ ಮೂಲಕವೇ ನೋಡಬೇಕೇ ಎಂಬ ಪ್ರಶ್ನೆ ಕ್ಯಾಮೆರಾಕ್ಕಿಂತ ದೊಡ್ಡದು.

ರೇಂಜ್‌ಫೈಂಡರ್‌ಗೆ ದೋಷಗಳಿವೆ. ಅದರ ಬೆಳಕುಗೆರೆಗಳು ಅಂದಾಜಿನವು, ಅಂಚನ್ನು ಕೂದಲೆಳೆಯಷ್ಟು ನಿಖರವಾಗಿ ತೋರಿಸಲಾರವು. ಹಿನ್ನೆಲೆ ಎಷ್ಟು ಮಸುಕಾದೀತೆಂದು ಮೊದಲೇ ಕಾಣಿಸುವುದಿಲ್ಲ. ಅದರ ನಾಜೂಕು ಜೋಡಣೆ ಪೆಟ್ಟು ಬಿದ್ದರೆ ತಪ್ಪುತ್ತದೆ, ಸರಿಪಡಿಸಬಲ್ಲ ಕುಶಲಿಗಳು ವಿರಳ. ಲೆನ್ಸ್‌ಗೆ ಮುಚ್ಚಳ ಹಾಕಿದ್ದರೂ ಕಿಟಕಿಯಲ್ಲಿ ಲೋಕ ಎಂದಿನಂತೆ ಕಾಣುತ್ತಿರುತ್ತದೆ. ಈ ದೋಷಗಳಲ್ಲಿ ಹೆಚ್ಚಿನವು ಒಂದೇ ಮೂಲದಿಂದ ಬಂದವು: ಯಂತ್ರದ ಕಣ್ಣು ಬೇರೆ, ಮನುಷ್ಯನ ಕಣ್ಣು ಬೇರೆ ಎಂದು ಇದು ಒಪ್ಪಿಕೊಂಡಿದೆ. ಲೆನ್ಸ್ ಏನು ಕಾಣುತ್ತದೆಂದು ಇದು ನಮಗೆ ತೋರಿಸುವುದಿಲ್ಲ. ನಾವು ಕಂಡದ್ದನ್ನು ಲೆನ್ಸ್‌ಗೆ ತಿಳಿಸುವ ಹೊಣೆಯನ್ನು ನಮ್ಮ ಮೇಲೆಯೇ ಬಿಡುತ್ತದೆ. ಚಿತ್ರ ಹೇಗೆ ಬಂದೀತೆಂದು ಮನಸ್ಸಿನಲ್ಲಿ ಮೊದಲೇ ಕಟ್ಟಿಕೊಳ್ಳಬೇಕು. ಅದು ಕಷ್ಟದ ಕೆಲಸ. ಛಾಯಾಗ್ರಾಹಕರನ್ನು ಗುಂಡಿ ಒತ್ತುವವರಿಂದ ಬೇರ್ಪಡಿಸುವ ಕೆಲಸವೂ ಅದೇ.

ಆದ್ದರಿಂದ ಎಲ್ಲರೂ ಡಿಎಸ್‌ಎಲ್‌ಆರ್ ಬಿಸುಟು ರೇಂಜ್‌ಫೈಂಡರ್ ಹಿಡಿಯಬೇಕೆಂಬುದು ಈ ಬರಹದ ತಾತ್ಪರ್ಯವಲ್ಲ. ಹಕ್ಕಿಯ ಹಿಂದೆ ಹೋಗುವವರು ಉದ್ದ ಲೆನ್ಸ್ ಒಯ್ಯಲಿ, ಮದುವೆಮನೆಯ ಹೊಣೆ ಹೊತ್ತವರು ಕೈಕೊಡದ ಆಟೋಫೋಕಸ್ ನೆಚ್ಚಲಿ. ಆದರೆ ಮನುಷ್ಯರನ್ನು ಹತ್ತಿರದಿಂದ, ಅವರ ನಡುವೆಯೇ ನಿಂತು ನೋಡಬಯಸುವವರು ಒಮ್ಮೆಯಾದರೂ ಹಳೆಯ ರೇಂಜ್‌ಫೈಂಡರ್ ಒಂದನ್ನು ಎರವಲು ತಂದು, ಒಂದೇ ಲೆನ್ಸ್ ಹಾಕಿ, ಒಂದು ರೀಲು ಮುಗಿಸಬೇಕು. ಮೂವತ್ತಾರು ಚಿತ್ರಗಳಲ್ಲಿ ಎಷ್ಟು ಚೆನ್ನಾಗಿ ಬಂದವು ಎಂಬುದು ಮುಖ್ಯವಲ್ಲ. ಆ ಮೂವತ್ತಾರು ಸಲವೂ ಗೆರೆಯ ಆಚೆಗೆ ಏನಿತ್ತು ಎಂಬುದು ನೆನಪಿನಲ್ಲಿ ಉಳಿದಿದ್ದರೆ ಸಾಕು. ಕ್ಯಾಮೆರಾ ಯಾವುದೇ ಇರಲಿ, ನೋಡುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು.